ಹನ್ನೊಂದು ನಲವತ್ತಾರರ ಸಂದೇಶ

ಭಾವ ತೀರಿಕೊಂಡ ಸುದ್ದಿಯನ್ನು ಅಕ್ಕನಿಗೆ ಮೊದಲು ಮುಟ್ಟಿಸಿದ್ದು ನಾನು ಬರೆದ ಪ್ರೋಗ್ರಾಂ. ಡಾಕ್ಟರಿಗಿಂತ ಮೊದಲು, ನರ್ಸಿಗಿಂತ ಮೊದಲು. ಇದನ್ನು ಅವಳಿಗೆ ಹೇಳಬೇಕೆಂದು ಒಂಬತ್ತು ದಿನ ಅವಳ ಮನೆಗೆ ಹೋದೆ. ಒಂಬತ್ತು ದಿನವೂ ಗಂಟಲವರೆಗೆ ಬಂದ ಮಾತನ್ನು ಅವಳು ಕೊಟ್ಟ ಕಾಫಿಯ ಜೊತೆ ನುಂಗಿಕೊಂಡು ಎದ್ದು ಬಂದೆ.

ಹತ್ತನೆಯ ದಿನ ಅಕ್ಕ ಹೊಲಿಗೆ ಯಂತ್ರದ ಮೇಲಿದ್ದ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಅಲ್ಲಿ ಒಂದು ಬಿಳಿ ಹಾಳೆ ಮತ್ತು ಪೆನ್ನು ಇಟ್ಟಳು. ವಾರ್ಡಿನ ನರ್ಸ್ ಮೇಲೆ ದೂರು ಬರೆಯಬೇಕಿತ್ತು. ತಾನು ಬರೆಯಲು ಕೂತರೆ ಅಕ್ಷರ ನಡುಗುತ್ತದೆ, ನೀನಾದರೆ ಕಚೇರಿಯ ಭಾಷೆ ಬಲ್ಲವನು ಎಂದಳು.

"ಗಂಡ ಸತ್ತ ಅಂತ ಹೆಂಡತಿಗೆ ಹೇಳೋಕೆ ಮುಂಚೆ ದುಡ್ಡಿನ ಆಫೀಸಿಗೆ ಹೇಳಿದಾಳಲ್ಲ, ಅದನ್ನ ಬರಿ. ಅವಳ ಕೆಲಸ ಹೋಗಬೇಕು. ನನಗೆ ಬೇರೇನೂ ಬೇಡ."

ನಾನು ಪೆನ್ನಿನ ಮುಚ್ಚಳ ತೆಗೆದು 'ಮಾನ್ಯರೇ' ಎಂದು ಬರೆದೆ.

*

ನಮ್ಮದು ಜೀವವಿಮೆ ಕಚೇರಿ. ಐದನೇ ಮಹಡಿಯಲ್ಲಿ, ತೆರೆಯಲು ಬಾರದ ಕಿಟಕಿಗಳ ಪಕ್ಕದಲ್ಲಿ ಏಳು ಮಂದಿ ಕೂತು, ಮೂರು ವರ್ಷ ದುಡಿದು, ಅಲ್ಲಿನ ಕಡತಗಳನ್ನೆಲ್ಲ ಬ್ಲಾಕ್‌ಚೈನಿಗೆ ಸಾಗಿಸಿದೆವು. ಹಾಗೆಂದರೇನು ಎಂದು ಭಾವ ಒಮ್ಮೆ ಕೇಳಿದ್ದರು. ಅವರು ಲಿಫ್ಟ್ ರಿಪೇರಿ ಮಾಡುವವರು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರ ಜೊತೆ ಬಾಗಿಲ ಸಂದಿಯಿಂದ ಹರಟೆ ಹೊಡೆಯುತ್ತಲೇ ಕೆಲಸ ಮುಗಿಸುವ ಅಭ್ಯಾಸ ಅವರಿಗಿತ್ತು. ಹಾಗಾಗಿ ಯಾರ ಮಾತನ್ನೂ ಅವಸರವಿಲ್ಲದೆ ಕೇಳುತ್ತಿದ್ದರು. ಅದೊಂದು ದಾಖಲೆ ಪುಸ್ತಕ ಎಂದೆ. ಆಸ್ಪತ್ರೆ, ಬ್ಯಾಂಕು, ವಿಮೆ ಕಚೇರಿ, ನೋಂದಣಿ ಕಚೇರಿ, ಎಲ್ಲರ ಹತ್ತಿರವೂ ಅದರದೇ ಒಂದೊಂದು ಪ್ರತಿ. ಒಬ್ಬರು ಬರೆದದ್ದು ಎಲ್ಲರ ಪ್ರತಿಯಲ್ಲೂ ಮೂಡುತ್ತದೆ. ಒಮ್ಮೆ ಮೂಡಿದ್ದನ್ನು ಯಾರೂ ಅಳಿಸುವಂತಿಲ್ಲ, ತಿದ್ದುವಂತಿಲ್ಲ.

"ಇದಕ್ಕೆ ಇಷ್ಟು ಓದಬೇಕಿತ್ತಾ? ನಿಮ್ಮಕ್ಕನ ತಲೆ ಇರೋದೇ ಹಾಗೆ," ಎಂದರು ಭಾವ. "ಮದುವೆಯಾದ ವರ್ಷ ನಾನು ಆಡಿದ ಒಂದು ಮಾತು ಇವತ್ತಿಗೂ ಅಳಿಸಿಲ್ಲ. ಅವಳ ಗೆಳತೀರ ಹತ್ರ ಎಲ್ಲಾ ಒಂದೊಂದು ಪ್ರತಿ ಇದೆ."

ಆ ಮಾತು ಯಾವುದೆಂದು ಈಗಲೇ ತಮ್ಮನಿಗೆ ಹೇಳಿಬಿಡಲೇ ಎಂದು ಅಕ್ಕ ಅಡುಗೆಮನೆಯಿಂದಲೇ ಕೇಳಿದಳು. ಭಾವ ಆ ಕಡೆ ತಿರುಗಿ ಕೈ ಮುಗಿದರು.

ಆ ಪುಸ್ತಕದೊಳಗೆ ಕರಾರನ್ನೂ ಬರೆದಿಡಬಹುದು. ಇಂಥದ್ದು ನಡೆದರೆ ಇಂಥದ್ದು ಆಗಲಿ ಎಂಬ ಕರಾರು. ಯಾವ ಮೇಜಿನ ಮೇಲೂ ಕಾಯದೆ ಅದು ತನ್ನಷ್ಟಕ್ಕೆ ನಡೆದುಹೋಗುತ್ತದೆ. ನಾನು ಬರೆದದ್ದು ಮರಣ ಪರಿಹಾರದ ಕರಾರು. ಡಾಕ್ಟರ್ ಮತ್ತು ವಾರ್ಡಿನ ನರ್ಸ್ ಇಬ್ಬರೂ ಸಾವನ್ನು ದಾಖಲಿಸಿ ಸಹಿ ಒತ್ತಿದ ಕೂಡಲೇ ನಾಮಿನಿಯ ಖಾತೆಗೆ ಹಣ, ಫೋನಿಗೆ ಸಂದೇಶ. ಹಿಡಿಯುವ ಸಮಯ ನಾಲ್ಕು ನಿಮಿಷ.

ಅಷ್ಟು ಅವಸರವೇಕೆ ಎಂದು ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರವಿತ್ತು. ಅಪ್ಪ ಹೋದಾಗ ವಿಮೆಯ ಹಣ ಕೈಸೇರಲು ಹದಿನಾಲ್ಕು ತಿಂಗಳು ಹಿಡಿಯಿತು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ನನಗೆ ಹನ್ನೊಂದು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಹಸಿರು ಫೈಲೊಂದನ್ನು ಎದೆಗವಚಿಕೊಂಡು ಅವಳು ಕೌಂಟರಿನಿಂದ ಕೌಂಟರಿಗೆ ಅಲೆದಳು. ಒಬ್ಬ ಗುಮಾಸ್ತ ಮರಣಪತ್ರದ ಮುದ್ರೆ ಮಸುಕಾಗಿದೆ ಎಂದ. ಇನ್ನೊಬ್ಬ ಊಟಕ್ಕೆ ಹೋದವನು ಸಂಜೆಯಾದರೂ ಬರಲಿಲ್ಲ. ಅವಳು ಕಾಲೇಜು ಬಿಟ್ಟು ಸಿದ್ಧ ಉಡುಪಿನ ಕಾರ್ಖಾನೆ ಸೇರಿದ್ದು ಆ ಹದಿನಾಲ್ಕು ತಿಂಗಳಲ್ಲೇ. ನನ್ನ ಫೀಸು ಕಟ್ಟಿದಳು, ನನ್ನ ಪರೀಕ್ಷೆಗೆ ತಾನು ಹೆದರಿದಳು, ನಾನು ಓದಿ ಮುಗಿಸಿ ಕೆಲಸ ಹಿಡಿದ ಮೇಲೆಯೇ ಮದುವೆಯಾದಳು. ನನಗೆ ಅಂತ ಇರುವುದು ಅವಳೊಬ್ಬಳೇ. ಕರಾರು ಬರೆಯುವಾಗ ನಾನು ಆ ಹಸಿರು ಫೈಲಿನ ಹುಡುಗಿಗಾಗಿ ಬರೆಯುತ್ತಿದ್ದೆ. ಇದು ಸುಳ್ಳಲ್ಲ. ಸಂಬಳಕ್ಕಾಗಿಯೂ ಬರೆಯುತ್ತಿದ್ದೆ, ಅದೂ ಸುಳ್ಳಲ್ಲ.

ಪರಿಹಾರ ವಿಭಾಗದಲ್ಲಿ ಒಬ್ಬ ಹಿರಿಯ ಗುಮಾಸ್ತೆ ಇದ್ದರು. ಬೆನ್ನ ಹಿಂದೆ ನಾವು ಅವರನ್ನು ಆಮೆ ಎನ್ನುತ್ತಿದ್ದೆವು. ಅವರ ಮೇಜಿನ ಮೇಲೆ ಪ್ರತಿ ಕಡತವೂ ಎರಡು ದಿನ ಹೆಚ್ಚಿಗೆ ಕೂರುತ್ತಿತ್ತು. ಯಾಕೆಂದು ವಿಚಾರಿಸಿದಾಗ ತಿಳಿದದ್ದು ಇಷ್ಟು: ಕಾಗದಗಳೆಲ್ಲ ಸರಿಯಿದ್ದ ಮೇಲೂ ಅವರು ನಾಮಿನಿಯನ್ನು ಬಿಟ್ಟು ಬೇರೆ ಯಾರಿಗಾದರೂ, ನೆರೆಯವರಿಗೋ ಮೈದುನನಿಗೋ, ಫೋನ್ ಮಾಡುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿದೆಯಾ, ಆ ಹೆಣ್ಣುಮಗಳು ಎದ್ದು ಕೂತಿದ್ದಾಳಾ ಎಂದು ಕೇಳುತ್ತಿದ್ದರು. ಹೌದೆಂದ ಮೇಲೆಯೇ ಹಣ ಕಳಿಸುತ್ತಿದ್ದರು. ನಿಯಮದ ಪುಸ್ತಕದಲ್ಲಿ ಇದು ಎಲ್ಲಿಯೂ ಇರಲಿಲ್ಲ. ಹೊಸ ವ್ಯವಸ್ಥೆಯ ಸಭೆಗೆ ಕರೆದಾಗ ಅವರು ಕೇಳಿಕೊಂಡದ್ದು ಒಂದೇ. 'ಮನೆಯವರಿಗೆ ತಿಳಿಸಲಾಗಿದೆ' ಎಂಬ ಸಾಲೊಂದನ್ನು ಸೇರಿಸಿ, ಅದಕ್ಕೆ ಆಸ್ಪತ್ರೆಯವರು ಹೌದು ಒತ್ತಿದ ಮೇಲೆ ಹಣ ಹೋಗಲಿ.

ಸೇರಿಸಿದೆ. ಪ್ರಯೋಗದ ತಿಂಗಳಲ್ಲಿ ಆಸ್ಪತ್ರೆಯವರು ಹೌದು ಒತ್ತುವುದನ್ನು ಮರೆಯತೊಡಗಿದರು. ಒಂದು ಕುಟುಂಬದ ಹಣ ಆರು ದಿನ ನಿಂತುಹೋಯಿತು. ಮತ್ತೆ ಅದೇ ಕೌಂಟರು, ಅದೇ ಊಟಕ್ಕೆ ಹೋದ ಗುಮಾಸ್ತ. ನಾನು ಸಿಟ್ಟಿನಲ್ಲಿ ಆ ಸಾಲನ್ನು ಕಿತ್ತುಹಾಕಿದೆ. ಸತ್ತವರ ಮನೆಯವರಿಗೆ ಸಾವು ಗೊತ್ತಿರುವುದಿಲ್ಲವೇ, ಅದನ್ನೂ ಯಾರಾದರೂ ಕೇಳುತ್ತಾರೆಯೇ ಎಂದು ಸಹೋದ್ಯೋಗಿಗಳ ಮುಂದೆ ತಮಾಷೆ ಮಾಡಿದೆ. ಆಮೆ ನನ್ನ ಮೇಜಿನ ಹತ್ತಿರ ಬಂದು ನಿಂತು, ಹಾಗೇ ತಮ್ಮ ಮೇಜಿಗೆ ಮರಳಿದರು. ಆಮೇಲೆ ಕರಾರನ್ನು ಪುಸ್ತಕಕ್ಕೆ ಏರಿಸಿದೆವು. ಏರಿಸಿದ ಮೇಲೆ ಅದನ್ನು ಬರೆದ ನಾನೂ ಮುಟ್ಟುವಂತಿಲ್ಲ. ಕರಪತ್ರದಲ್ಲಿ ಅದನ್ನೇ ಹೆಗ್ಗಳಿಕೆಯಾಗಿ ಅಚ್ಚು ಹಾಕಿಸಿದ್ದೆವು.

ಶುರುವಿಗೆ ನಾನೂರು ಪಾಲಿಸಿ ಬೇಕಿತ್ತು. ನೌಕರರೆಲ್ಲ ತಮ್ಮ ತಮ್ಮ ಮನೆಯವರನ್ನು ಹಿಡಿದು ತಂದರು. ಭಾವನ ಅರ್ಜಿ ತುಂಬಿದ್ದು ನಾನೇ. ಸಹಿ ಹಾಕುತ್ತಾ ಅವರು, "ಮೇಲಕ್ಕೆ ಹೋಗೋದು ನನಗೆ ದಿನದ ಕೆಲಸ ಕಣಯ್ಯ, ಅದಕ್ಕೂ ವಿಮೆನಾ?" ಎಂದಿದ್ದರು.

*

ಅವರಿಗಾದದ್ದು ಶ್ವಾಸಕೋಶದ ಸೋಂಕು. ಐದನೆಯ ದಿನಕ್ಕೆ ಜ್ವರ ಇಳಿದಿತ್ತು. ಶುಕ್ರವಾರ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರ್ ಹೇಳಿದ್ದರು. ಬುಧವಾರ ಬೆಳಿಗ್ಗೆ ಅಕ್ಕ ಅವರೊಂದಿಗೆ, ಮಲಗುವ ಕೋಣೆಗೆ ಹೊಸ ಪರದೆ ಬೇಕೋ ಬೇಡವೋ ಎಂದು ಸಣ್ಣದೊಂದು ಜಗಳವಾಡಿ, ಬರೆದುಕೊಟ್ಟ ಔಷಧಿ ತರಲು ನೆಲಮಾಳಿಗೆಯ ಅಂಗಡಿಗೆ ಇಳಿದಳು. ಅಲ್ಲಿ ಟೋಕನ್ ಕೊಟ್ಟು ಕೂರಿಸುತ್ತಾರೆ. ಅವಳು ಕೂತಿದ್ದಾಗ, ನಾಲ್ಕು ಮಹಡಿ ಮೇಲೆ, ಭಾವನ ಹೃದಯ ನಿಂತಿತು. ಡಾಕ್ಟರ್ ಇಪ್ಪತ್ತು ನಿಮಿಷ ಪ್ರಯತ್ನಿಸಿದರು. ಹನ್ನೊಂದು ನಲವತ್ತೆರಡಕ್ಕೆ ಎರಡೂ ಸಹಿ ಬಿದ್ದವು. ಹನ್ನೊಂದು ನಲವತ್ತಾರಕ್ಕೆ ಅಕ್ಕನ ಫೋನ್ ಸದ್ದು ಮಾಡಿತು.

ಸಂದೇಶದ ವಾಕ್ಯಗಳೂ ನನ್ನವೇ. 'ತಮ್ಮ ದುಃಖದಲ್ಲಿ ನಾವೂ ಭಾಗಿಗಳು. ಮರಣ ಪರಿಹಾರದ ಮೊತ್ತ ತಮ್ಮ ಖಾತೆಗೆ ಜಮೆಯಾಗಿದೆ.' ಮೊದಲ ವಾಕ್ಯ ಯಾಕೆ ಬೇಕು ಎಂದು ಮ್ಯಾನೇಜರ್ ಕೇಳಿದಾಗ, ಬರೀ ಹಣದ ಮಾತು ಒರಟಾಗುತ್ತದೆ ಎಂದು ವಾದಿಸಿ ಉಳಿಸಿಕೊಂಡಿದ್ದೆ. ಸತ್ತವರ ಹೆಸರು ಮಾತ್ರ ಅದರಲ್ಲಿ ಇರಲಿಲ್ಲ. ಗೊತ್ತಿರುವವರಿಗೆ ಹೆಸರು ಯಾಕೆ?

ಅಕ್ಕ ನನಗೆ ಫೋನ್ ಮಾಡಿದಳು. ದನಿಯಲ್ಲಿ ಗಾಬರಿ ಇರಲಿಲ್ಲ. ತಪ್ಪು ವಿಳಾಸಕ್ಕೆ ಬಂದ ಪಾರ್ಸೆಲ್ ಹಿಡಿದುಕೊಂಡವಳ ಕಿರಿಕಿರಿ ಇತ್ತು.

"ನಿಮ್ಮ ಆಫೀಸಿಂದ ಏನೋ ಬಂದಿದೆ ಕಣೋ. ಯಾರಿಗೋ ಕಳಿಸೋದನ್ನ ನನಗೆ ಕಳಿಸಿದ್ದಾರೆ. ಪಾಪ, ಆ ಮನೆಯವರು ಕಾಯ್ತಿರ್ತಾರೆ. ನೋಡು ಸ್ವಲ್ಪ."

ಭಾವನ ಪಾಲಿಸಿ ಸಂಖ್ಯೆ ನನಗೆ ಬಾಯಿಪಾಠ. ಕಂಪ್ಯೂಟರಿನಲ್ಲಿ ಒತ್ತಿದೆ. ಎರಡು ಸಹಿ, ಎದುರಿಗೆ ಸಮಯ. ಈ ಪುಸ್ತಕದಲ್ಲಿ ಸುಳ್ಳು ನುಸುಳಲು ದಾರಿಯಿಲ್ಲ ಎಂದು ಮೂರು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವನು ನಾನು. ಫೋನಿನಲ್ಲಿ, ಅಕ್ಕನ ಹಿಂದೆ, ಯಾರೋ ಟೋಕನ್ ಸಂಖ್ಯೆ ಕೂಗುತ್ತಿದ್ದರು.

"ತಪ್ಪಾಗಿರಬೇಕು ಅಕ್ಕ," ಎಂದೆ. "ನಾನು ನೋಡ್ತೀನಿ."

"ನೋಡು. ನನ್ನ ನಂಬರ್ ಬಂತು, ಇಡ್ತೀನಿ."

ನಾನು ಟ್ಯಾಕ್ಸಿ ಹಿಡಿದು ಆಸ್ಪತ್ರೆ ಮುಟ್ಟಿದಾಗ ಅವಳು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಔಷಧಿಯ ಕವರ್ ತೊಡೆಯ ಮೇಲಿತ್ತು. ಅಳುತ್ತಿರಲಿಲ್ಲ. ಔಷಧಿಯ ಬಿಲ್ಲನ್ನು ಮಡಚಿ, ಮತ್ತೆ ಮಡಚಿ, ಇನ್ನು ಮಡಚಲು ಬಾರದಷ್ಟು ಸಣ್ಣದು ಮಾಡಿದ್ದಳು.

*

ನಾಲ್ಕು ದಿನದ ಮೇಲೆ ಕಚೇರಿಗೆ ಹೋದೆ. ಮ್ಯಾನೇಜರ್ ಒಳ್ಳೆಯ ಮನುಷ್ಯ. ಕೋಣೆಯ ಬಾಗಿಲು ಮುಚ್ಚಿ, ಕುರ್ಚಿ ಎಳೆದು ಕೂರಿಸಿ, ಏನು ಬೇಕಾದರೂ ಕೇಳು ಎಂದರು. ಕಿತ್ತ ಸಾಲನ್ನು ಮತ್ತೆ ಸೇರಿಸಬೇಕು ಎಂದೆ. ಹೊಸ ಪಾಲಿಸಿಗಳಿಗೆ ಖಂಡಿತ ಸೇರಿಸೋಣ ಎಂದರು. ಹಳೆಯ ನಾನೂರಕ್ಕೆ? ಅವರು ನನ್ನ ಮುಖ ನೋಡಿದರು. ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದರು. ಆ ನಾನೂರರಲ್ಲಿ ಕೊನೆಯವರು ತೀರಿಕೊಳ್ಳುವವರೆಗೂ ಅದು ನಾನು ಬರೆದಂತೆಯೇ ನಡೆಯುತ್ತದೆ. ಅವರಲ್ಲಿ ಹುಟ್ಟಿ ಮೂರು ತಿಂಗಳಾದ ಕೂಸೂ ಒಂದಿತ್ತು.

ಆಮೆಯ ಮೇಜಿನ ಹತ್ತಿರ ಹೋದೆ. ನಾನು ಅವತ್ತೇ ಹೇಳಿದ್ದೆನಲ್ಲ ಎಂದು ಅವರು ಅನ್ನಲಿಲ್ಲ. ಅಕ್ಕ ಊಟ ಮಾಡುತ್ತಿದ್ದಾಳಾ, ಜೊತೆಗೆ ಯಾರು ಮಲಗುತ್ತಾರೆ ಎಂದೆಲ್ಲ ಕೇಳಿದರು. ಆಮೇಲೆ ಅಕ್ಕನಿಗೆ ಹೇಳಿದೆಯಾ ಎಂದರು. ಇಲ್ಲವೆಂದೆ.

"ಬೇರೆ ಕಡೆಯಿಂದ ಗೊತ್ತಾಗೋದು ಅವಳಿಗೆ ಒಂದು ಸಲ ಆಯ್ತಲ್ಲಪ್ಪ," ಎಂದರು. "ಸಾಕು."

ಅವತ್ತು ಸಂಜೆಯೂ ಅಕ್ಕನ ಮನೆಗೆ ಹೋಗಿ ಕಾಫಿ ಕುಡಿದು ಬಂದೆ.

*

'ಮಾನ್ಯರೇ' ಎಂದು ಬರೆದೆನಲ್ಲ, ಅದರ ಕೆಳಗೆ ಮೂರು ಸಾಲು ಬರೆದೆ. ಅಕ್ಕ ಗೋಡೆಗೊರಗಿ ಹೇಳುತ್ತಾ ಹೋದಳು. ಔಷಧಿ ಹಿಡಿದುಕೊಂಡು ಮೇಲೆ ಹೋದಾಗ ಆ ನರ್ಸ್ ಬಾಗಿಲಲ್ಲೇ ತಡೆದು, ಒಂದು ನಿಮಿಷ ಇರಮ್ಮ ಎಂದಳಂತೆ. ಆಗ ಅವಳ ಮುಖ ನೋಡಿಯೇ ಅಕ್ಕನಿಗೆ ಎಲ್ಲಾ ಹೊಳೆಯಿತಂತೆ. ಒಳಗೆ ಬಿಡದವಳು ವಿಮೆಯವರಿಗೆ ಮಾತ್ರ ಆಗಲೇ ಸುದ್ದಿ ಕಳಿಸಿದ್ದಳು. ಪಕ್ಕದ ಮನೆಯಾಕೆ ಹೇಳಿದರು, ಇಂಥದ್ದಕ್ಕೆಲ್ಲ ಅವರಿಗೆ ಕಮಿಷನ್ ಇರುತ್ತದಂತೆ. ಕಮಿಷನ್ ಎಂಬ ಮಾತೂ ದೂರಿನಲ್ಲಿ ಬರಲಿ ಎಂದಳು.

ಬರೆದು ಮುಗಿಸಿದರೆ ನರ್ಸಿನ ಕೆಲಸ ಹೋಗುತ್ತಿತ್ತು, ಅಕ್ಕ ನನಗೆ ಉಳಿಯುತ್ತಿದ್ದಳು. ಲೆಕ್ಕ ಅಷ್ಟು ಸರಳವಾಗಿತ್ತು. ಪೆನ್ನು ನಾಲ್ಕನೆಯ ಸಾಲಿಗೆ ಇಳಿಯಿತು ಕೂಡ.

"ಅಕ್ಕ, ನರ್ಸ್ ಕಳಿಸಿದ್ದಲ್ಲ ಅದು," ಎಂದೆ. "ನಾನು ಬರೆದಿದ್ದು."

ಅವಳಿಗೆ ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಸಹಿ ಬಿದ್ದ ಕೂಡಲೇ ಹಣ ತಾನಾಗಿ ಹೊರಡುವುದು, ಆಮೆಯ ಸಾಲು, ನಾನು ಅದನ್ನು ಕಿತ್ತದ್ದು, ಮಾಡಿದ ತಮಾಷೆ. ಹೇಳುತ್ತಾ ನನ್ನ ಕಿವಿಗೇ ನಾನು ಕರಪತ್ರ ಓದುತ್ತಿರುವಂತೆ ಕೇಳಿಸಿತು. ಕೊನೆಗೆ, ಅವತ್ತು ನೀನು ಫೋನ್ ಮಾಡಿ ಕೇಳಿದಾಗ ನನಗೆ ಗೊತ್ತಾಗಿತ್ತು ಎಂಬುದನ್ನೂ ಹೇಳಿದೆ.

ಅಕ್ಕ ಎದ್ದು ಬಂದು, ಯಂತ್ರದ ಮೇಲಿದ್ದ ಹಾಳೆಯನ್ನು ತೆಗೆದುಕೊಂಡು, ನಾನು ಬರೆದಷ್ಟನ್ನೂ ನಿಧಾನವಾಗಿ ಓದಿದಳು.

"ನಿಲ್ಲಿಸು ಅದನ್ನ," ಎಂದಳು.

"ಆಗಲ್ಲ ಅಕ್ಕ."

"ಹಣ ವಾಪಸ್ ತಗೊ. ನನಗೆ ಬೇಡ."

"ಅದಕ್ಕೂ ದಾರಿ ಇಟ್ಟಿಲ್ಲ."

"ನೀನೇ ಅಲ್ವಾ ಬರೆದಿದ್ದು?"

"ಹೌದು."

"ಹೊಲಿಗೆ ತಪ್ಪಿದ್ರೆ ನಾವು ಬಿಚ್ಚಿ ಹೊಲೀತೀವಿ," ಎಂದಳು. "ಬಿಚ್ಚೋಕೆ ಬರದ ಹಾಗೆ ಹೊಲಿದು, ಅದನ್ನೇ ಜಂಬ ಕೊಚ್ಚಿಕೊಳ್ಳೋರನ್ನ ನಾನು ನೋಡಿರಲಿಲ್ಲ."

ಹಾಳೆಯನ್ನು ಹರಿಯಲಿಲ್ಲ. ಮಡಚಿ ಹೊಲಿಗೆ ಯಂತ್ರದ ಖಾನೆಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು, ನಡಿ ಎಂದಳು. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

*

ನರ್ಸಿಗೆ ಐವತ್ತರ ಆಸುಪಾಸು. ಮಧ್ಯಾಹ್ನದ ಪಾಳಿ ಆಗತಾನೆ ಶುರುವಾಗಿತ್ತು. ಔಷಧಿಯ ತಳ್ಳುಗಾಡಿಯ ಮೇಲೆ ಸಣ್ಣ ಸಣ್ಣ ಬಟ್ಟಲುಗಳನ್ನು ಜೋಡಿಸುತ್ತಿದ್ದರು. ಅಕ್ಕನನ್ನು ಕೂಡಲೇ ಗುರುತು ಹಿಡಿದರು. ಜಗಳಕ್ಕೆ ಬಂದವಳೆಂದು ತಿಳಿದು ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತರು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. ಅವರು ಹೋದ ಮೇಲೆ, ನಾನು ಬರುವವರೆಗೆ, ನೀವು ಏನು ಮಾಡಿದಿರಿ?

ನರ್ಸ್ ಸ್ವಲ್ಪ ಯೋಚಿಸಿ ಹೇಳಿದರು. ಸಹಿ ಮೊದಲು ಒತ್ತಬೇಕು, ತಡವಾದರೆ ಕಾರಣ ಬರೆದುಕೊಡಬೇಕಾಗುತ್ತದೆ, ಅದಕ್ಕೆ ಒತ್ತಿದೆ. ಅಲ್ಲಿಂದ ದುಡ್ಡು ಹೊರಡುತ್ತದೆ, ಫೋನಿಗೆ ಸುದ್ದಿ ಹೋಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆಮೇಲೆ ನಳಿಗೆಗಳನ್ನು ತೆಗೆದೆ. ಎದೆ ಒತ್ತುವಾಗ ಅಂಗಿ ಹರಿದಿತ್ತು, ಬೇರೆ ಹಾಕಿದೆ. ಹಾಸಿಗೆಯ ಬಟ್ಟೆ ಬದಲಾಯಿಸಿದೆ. ಮುಖ ಒರೆಸಿ, ತಲೆ ಬಾಚಿದೆ.

"ಅವರನ್ನ ಇದ್ದ ಹಾಗೇ ನೋಡಿದ್ರೆ ನಿಮಗೆ ಜೀವನಪೂರ್ತಿ ಅದೇ ಕಣ್ಮುಂದೆ ಇರುತ್ತಮ್ಮ," ಎಂದರು. "ನೀವು ಕೆಳಗಿದೀರ, ಬರೋದ್ರೊಳಗೆ ಮುಗಿಸಿ ನಾನೇ ಬಂದು ಹೇಳೋಣ ಅಂತಿದ್ದೆ."

ಕಾರಿಡಾರಿನ ಆ ತುದಿಯಲ್ಲಿ ಯಾರೋ ನೆಲ ಒರೆಸುತ್ತಿದ್ದರು.

"ಬೈತಲೆ ಬಲಕ್ಕೆ ತೆಗೆದಿದ್ರಿ," ಎಂದಳು ಅಕ್ಕ. "ಅವರದು ಎಡಕ್ಕೆ."

"ಗೊತ್ತಿರಲಿಲ್ಲಮ್ಮ, ನನಗೆ."

"ಇರ್ಲಿ ಬಿಡಿ. ಚೆನ್ನಾಗೇ ಕಾಣ್ತಿದ್ರು."

ಅಷ್ಟು ಹೇಳಿ ಅಕ್ಕ ಅತ್ತಳು. ಹತ್ತು ದಿನದಲ್ಲಿ ಮೊದಲ ಸಲ. ನರ್ಸ್ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು ಅವಳ ತೋಳು ಹಿಡಿದುಕೊಂಡರು. ನಾನು ತಳ್ಳುಗಾಡಿಯ ಈಚೆ ನಿಂತಿದ್ದೆ. ಆಚೆಗೆ ಹೋಗುವುದು ನನ್ನಿಂದಾಗಲಿಲ್ಲ.

ಹೊರಗೆ ಬಿಸಿಲಿತ್ತು. ಬಸ್ ನಿಲ್ದಾಣದಲ್ಲಿ ಅಕ್ಕ ನನ್ನಿಂದ ಒಂದು ಮಾರು ದೂರ ನಿಂತು, ರಸ್ತೆ ನೋಡುತ್ತಲೇ ಮಾತಾಡಿದಳು.

"ತಪ್ಪಾಗಿರಬೇಕು ಅಂದ್ಯಲ್ಲ ನೀನು. ಆಮೇಲೆ ನಾನು ಔಷಧಿ ಅಂಗಡಿಯವನ ಹತ್ರ ಚೌಕಾಸಿ ಮಾಡ್ದೆ ಕಣೋ. ಸಿರಪ್ ಚಿಕ್ಕ ಬಾಟಲಿ ಕೊಡಿ, ಶುಕ್ರವಾರ ಮನೆಗೆ ಹೋಗಿಬಿಡ್ತೀವಿ ಅಂದೆ. ನಗ್ತಾ ಅಂದೆ. ಮೆಟ್ಟಿಲು ಹತ್ತುವಾಗ ಪರದೆ ವಿಷಯದಲ್ಲಿ ಸೋತುಬಿಡೋಣ ಅಂತಲೂ ಅಂದ್ಕೊಂಡೆ."

ಬಸ್ ಬರುತ್ತಿದೆಯೇ ಎಂದು ಅವಳು ಕತ್ತು ಚಾಚಿ ನೋಡಿದಳು.

"ಅಷ್ಟು ಹೊತ್ತು ನನ್ನ ಪಾಲಿಗೆ ಅವರು ಇನ್ನೂ ಇದ್ರು. ಅದನ್ನ ನೀನು ಕೊಟ್ಟೆ ಅಂದ್ಕೊಳ್ಳಲೋ, ಮೋಸ ಮಾಡ್ದೆ ಅಂದ್ಕೊಳ್ಳಲೋ, ನನಗೆ ಗೊತ್ತಾಗ್ತಿಲ್ಲ."

ಬಸ್ ಬಂತು. ಅವಳ ಹಿಂದೆಯೇ ಹತ್ತಲು ಹೋದೆ. ಅವಳು ಮೆಟ್ಟಿಲ ಮೇಲೆ ನಿಂತು ತಿರುಗಿ, ಮುಂದಿನ ಬಸ್ಸಿಗೆ ಬಾ ಎಂದಳು. ಸ್ವಲ್ಪ ದಿನ ಮನೆಯ ಕಡೆ ಬರಬೇಡ, ನಾನೇ ಕರೀತೀನಿ ಎಂದಳು. ಕೋಪದ ದನಿಯಲ್ಲ ಅದು. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ, ಶಾಲೆಗೆ ಇವತ್ತು ಬೇಡ ಎನ್ನುತ್ತಿದ್ದ ದನಿ.

ಐದು ತಿಂಗಳಾಯಿತು. ಆ ನಾನೂರರಲ್ಲಿ ಯಾರ ಸಾವಿಗಾದರೂ ಸಹಿ ಬಿದ್ದರೆ ಈಗ ನನ್ನ ಫೋನೂ ಆಮೆಯ ಫೋನೂ ಕೂಡಲೇ ಸದ್ದು ಮಾಡುವಂತೆ ಇಟ್ಟುಕೊಂಡಿದ್ದೇವೆ. ಸಂದೇಶ ಹೊರಡುವ ಮೊದಲಿನ ನಾಲ್ಕು ನಿಮಿಷದಲ್ಲಿ ಆಮೆ ಆಸ್ಪತ್ರೆಗೆ ಫೋನ್ ಮಾಡಿ ಮನೆಯವರನ್ನು ಕರೆಸುತ್ತಾರೆ, ನಾನು ನೆಂಟರನ್ನು ಹುಡುಕುತ್ತೇನೆ. ಇದುವರೆಗೆ ಮೂವರು ಹೋದರು. ಎರಡು ಮನೆಗಳಿಗೆ ಸಂದೇಶಕ್ಕಿಂತ ಮೊದಲು ಮುಟ್ಟಿದೆವು. ಮೂರನೆಯದಕ್ಕೆ ಲೈನ್ ಸಿಗಲಿಲ್ಲ. ಯಾರೋ ಯಾರೊಂದಿಗೋ ಮಾತಾಡುತ್ತಿದ್ದರು.

ಅಕ್ಕ ಇನ್ನೂ ಕರೆದಿಲ್ಲ. ಫೋನ್ ಸದ್ದಾದಾಗಲೆಲ್ಲ ಮೊದಲು ಅವಳ ಹೆಸರಿದೆಯೇ ಎಂದು ನೋಡುತ್ತೇನೆ. ಆಮೇಲೆ ಗಡಿಯಾರ ನೋಡುತ್ತೇನೆ.